ಶರೀಫರಲ್ಲೇ ನಿಂತ ಗಿಟಾರು

ಕನ್ನಡದ ರಾಕ್ ಸಂಗೀತ ಎಂದೊಡನೆ ಎರಡು ತಂಡಗಳ ಹೆಸರು ಮೊದಲು ಬಾಯಿಗೆ ಬರುತ್ತವೆ. ಒಂದು, ಮೈಸೂರಿನಲ್ಲಿ ಬೆಳೆದ ರಘು ದೀಕ್ಷಿತ್ ಕಟ್ಟಿದ ರಘು ದೀಕ್ಷಿತ್ ಪ್ರಾಜೆಕ್ಟ್. ಇನ್ನೊಂದು, ಅವರ ತಮ್ಮ ವಾಸು ದೀಕ್ಷಿತ್ ಹಾಡುವ ಸ್ವರಾತ್ಮ. ಮೊದಲ ತಂಡದ ಮೊದಲ ಆಲ್ಬಂ 2008ರಲ್ಲಿ ಬಂತು, ಎರಡನೆಯದರದು 2009ರಲ್ಲಿ. ಅಲ್ಲಿಂದೀಚೆಗೆ ಇವರು ಕನ್ನಡದಲ್ಲಿ ಹಾಡಿದ್ದಾರೆ, ಹಿಂದಿಯಲ್ಲಿ ಹಾಡಿದ್ದಾರೆ, ಇಂಗ್ಲಿಷಿಗೂ ಕೈಹಾಕಿದ್ದಾರೆ. 2010ರಲ್ಲಿ ಬಿಬಿಸಿಯ ಜೂಲ್ಸ್ ಹಾಲೆಂಡ್ ಕಾರ್ಯಕ್ರಮದ ವೇದಿಕೆಯನ್ನು ರಘು ಏರಿದಾಗ ಕನ್ನಡದ ಹಾಡುಗಾರನೊಬ್ಬ ಹೀಗೂ ದೇಶ ಸುತ್ತಬಲ್ಲ ಎಂಬ ಹೆಮ್ಮೆ ನಾಡಿನಲ್ಲಿ ಹುಟ್ಟಿತು. ಈ ಪರಂಪರೆಯ ಅತ್ಯುತ್ತಮ ಹಾಡುಗಳು ಯಾವುವು ಎಂದು ಕೇಳಿದರೆ ನಾನು ಮೂರನ್ನು ಹೆಸರಿಸುತ್ತೇನೆ: ‘ಸೋರುತಿಹುದು ಮನೆಯ ಮಾಳಿಗಿ’, ‘ಲೋಕದ ಕಾಳಜಿ’, ‘ಗುಡುಗುಡಿಯ ಸೇದಿ ನೋಡೋ’. ಮೂರೂ ಶಿಶುನಾಳ ಶರೀಫರ ಪದಗಳು, ಮೂರನ್ನೂ ಹಾಡಿದವರು ರಘು. ಕನ್ನಡ ರಾಕ್ ತತ್ವಪದಕ್ಕೆ ಶಿಷ್ಯನಾದಾಗಲೆಲ್ಲ ಗೆದ್ದಿದೆ. ತನ್ನ ಮಾತನ್ನು ತಾನೇ ಬಿಡಿಸಿ ಹೇಳಲು ಹೊರಟಾಗ ಸಪ್ಪೆಯಾಗಿದೆ. ಇಷ್ಟು ಗೆಲುವು ಕೊಟ್ಟ ಗುರುಮನೆಯಲ್ಲಿ ಅದು ಒಂದೇ ಕೋಣೆಯನ್ನು ನೋಡಿ ಹಿಂತಿರುಗಿದೆ ಎಂಬುದು ನನ್ನ ದೂರು.

ಮೊದಲು ಗೆಲುವಿನ ಕಾರಣ. ‘ಗುಡುಗುಡಿ’ ಪದವನ್ನೇ ತೆಗೆದುಕೊಳ್ಳಿ. ಮೇಲ್ನೋಟಕ್ಕೆ ಅದು ಹುಕ್ಕಾದ ಹಾಡು. ಒಳಗೆ ಹೊಕ್ಕರೆ ಮನಸ್ಸು ಸಂಚಿಯಾಗುತ್ತದೆ, ದುರ್ಗುಣಗಳು ದಿನದಿನವೂ ಕೊಚ್ಚಿಡಬೇಕಾದ ಭಂಗಿಯಾಗುತ್ತವೆ, ಬುದ್ಧಿ ಅದಕ್ಕೆ ಹಚ್ಚುವ ಬೆಂಕಿಯಾಗುತ್ತದೆ. ಪ್ರತಿ ನುಡಿಯೂ ಹೊಸದೊಂದು ಒಡಪನ್ನು ಒಡ್ಡುತ್ತದೆ; ಪ್ರತಿ ನುಡಿಯ ಕೊನೆಗೂ ಪಲ್ಲವಿ ಮರಳಿ ಬಂದು ಕೇಳುಗನನ್ನು ಮತ್ತೆ ಹುಕ್ಕಾದ ಮುಂದೆಯೇ ಕೂರಿಸುತ್ತದೆ. ರಾಕ್ ಸಂಗೀತಕ್ಕೂ ಬೇಕಾದದ್ದು ಇದೇ ರಚನೆ: ನೆರೆದವರೆಲ್ಲ ಎತ್ತಿಕೊಳ್ಳಬಹುದಾದ ಗಿಡ್ಡ ಪಲ್ಲವಿ, ಅದರ ನಡುವೆ ಒಬ್ಬನ ಏರುದನಿ, ಸುತ್ತಿ ಸುತ್ತಿ ಬರುವ ಲಯ. ಬೀದರ್, ಕಲಬುರಗಿ ಸೀಮೆಯ ಭಜನಾ ಮೇಳಗಳಲ್ಲಿ ಮುಂದಿನವರು ಪದ ಎತ್ತಿದ ಕೂಡಲೇ ಹಿಂದಿನವರು ಪಲ್ಲವಿಯನ್ನು ಕಸಿದುಕೊಳ್ಳುವ ರೀತಿಯೂ ಇದೇ. ಏಕತಾರಿ, ದಮಡಿ, ತಾಳಗಳ ಜಾಗಕ್ಕೆ ಗಿಟಾರು, ಬೇಸ್, ಡ್ರಮ್ಸ್ ಬಂದಿವೆ, ಆದರೆ ಹಾಡಿನ ಎಲುಬುಗೂಡು ಬದಲಾಗಿಲ್ಲ. ರಘು ದೀಕ್ಷಿತರ ತಂಡದಲ್ಲಿ ಗೌರವ್ ವಾಜ್ ಅವರ ಬೇಸ್ ಮಾಡಿದ ಕೆಲಸವನ್ನು ಗಮನವಿಟ್ಟು ಕೇಳಿದರೆ ದಮಡಿಯ ಕೆಲಸ ಯಾವುದೆಂದು ಗೊತ್ತಾಗುತ್ತದೆ. ಅದು ರಾಗವನ್ನು ಅಲಂಕರಿಸುವುದಿಲ್ಲ, ಹಿಮ್ಮೇಳದ ಕಾಲು ನೆಲ ಬಿಡದಂತೆ ಹಿಡಿದಿಡುತ್ತದೆ.

‘ಸೋರುತಿಹುದು’ ಇದಕ್ಕಿಂತ ದೊಡ್ಡ ಸಾಧನೆ, ನನ್ನ ಎಣಿಕೆಯಲ್ಲಿ ಇಡೀ ಪರಂಪರೆಯಲ್ಲೇ ಮೊದಲನೆಯದು. ತೊಲೆ, ಜಂತಿಗಳ ಮೇಲೆ ಮಣ್ಣು ಹರವಿದ ಮನೆಯಲ್ಲಿ ಬದುಕಿದವರಿಗೆ ಆ ಪದದ ಸಂಕಟ ವಿವರಿಸಬೇಕಾಗಿಲ್ಲ. ಮಳೆಗಾಲಕ್ಕೆ ಮುಂಚೆ ಮಾಳಿಗೆಗೆ ಹೊಸ ಮಣ್ಣು ಹಾಕದಿದ್ದರೆ, ಮಣ್ಣಿಗೆ ಬೇರು ಬಿಟ್ಟ ಹುಲ್ಲು ಕಿತ್ತು ಹಾಕದಿದ್ದರೆ, ಮೊದಲ ಜೋರು ಮಳೆಗೇ ನೀರು ಒಳಗಿಳಿಯುತ್ತದೆ. ಒಂದು ಕಡೆ ಮುಚ್ಚಿದರೆ ಇನ್ನೊಂದು ಕಡೆ ತೊಟ್ಟಿಕ್ಕುತ್ತದೆ. ಶರೀಫರು ಈ ಮನೆಯನ್ನೇ ದೇಹ ಮಾಡಿದರು, ಸೋರಿಕೆಗೆ ಅಜ್ಞಾನವನ್ನು ಕಾರಣ ಮಾಡಿದರು. ಇದನ್ನು ಅಬ್ಬರದಿಂದ ಹಾಡಲು ರಾಕ್ ತಂಡಕ್ಕೆ ಎಲ್ಲ ಅವಕಾಶವೂ ಇತ್ತು. ರಘು ಅದನ್ನು ಬಿಟ್ಟುಕೊಟ್ಟು ತಡೆದು ಹಾಡುತ್ತಾರೆ. ತೀವ್ರತೆ ಕಂತುಕಂತಾಗಿ ಏರುತ್ತದೆ. ಪದ ಏನನ್ನು ಬೇಡುತ್ತದೆ ಎಂದು ಕೇಳಿಸಿಕೊಂಡು ಸಂಗೀತವನ್ನು ಅಷ್ಟಕ್ಕೇ ನಿಲ್ಲಿಸುವ ವಿನಯ ಅಲ್ಲಿದೆ. 2013ರ ‘ಜಗ್ ಚಂಗಾ’ ಆಲ್ಬಂನ ‘ಲೋಕದ ಕಾಳಜಿ’ಯಲ್ಲಿ ಆ ವಿನಯ ಉಲ್ಲಾಸಕ್ಕೆ ತಿರುಗುತ್ತದೆ. ಊರ ಚಿಂತೆಯನ್ನೆಲ್ಲ ತಲೆಯ ಮೇಲೆ ಹೊತ್ತವನನ್ನು ಪ್ರೀತಿಯಿಂದ ಕೆಣಕುವ ಪದಕ್ಕೆ ಆ ಉಲ್ಲಾಸವೇ ಸರಿ.

ಇದರ ಎದುರಿಗೆ ಸ್ವರಾತ್ಮದ ‘ಯೇಸು ಅಲ್ಲಾ ಔರ್ ಕೃಷ್ಣ’ ಎಂಬ ಹಿಂದಿ ಹಾಡನ್ನು ಇಟ್ಟು ನೋಡಬೇಕು. ಕೋಮು ಸಾಮರಸ್ಯದ ಬಗೆಗಿನ ಅದರ ಕಳಕಳಿ ನಿಜವಾದದ್ದು, ಹಾಡುವ ಕಸುವೂ ದೊಡ್ಡದು. 2012ರ ‘ಟೋಪಿವಾಲೆ’ಯಲ್ಲಿ ರಾಜಕಾರಣಿಗಳ ಮೇಲಿನ ಸಿಟ್ಟೂ ಹಾಗೆಯೇ. ಆದರೆ ಇಂಥ ಹಾಡು ಹೇಳಬೇಕಾದದ್ದನ್ನು ಮೊದಲ ಸಾಲಿನಲ್ಲೇ ಹೇಳಿ ಮುಗಿಸಿಬಿಡುತ್ತದೆ. ಹತ್ತನೆಯ ಸಲ ಕೇಳಿದವನಿಗೆ ಹೊಸದೇನೂ ಸಿಗುವುದಿಲ್ಲ. ಮುಸಲ್ಮಾನರಾಗಿ ಹುಟ್ಟಿ ಕಳಸದ ಗೋವಿಂದ ಭಟ್ಟರೆಂಬ ಬ್ರಾಹ್ಮಣ ಗುರುವನ್ನು ಪಡೆದ ಶರೀಫರು ಸಾಮರಸ್ಯವನ್ನು ಪದಗಳಲ್ಲಿ ಬೋಧಿಸಲು ಹೋಗಲಿಲ್ಲ. ಹುಕ್ಕಾ, ಮಾಳಿಗೆ, ತಂಬೂರಿ, ಮುದುಕಿ ಎನ್ನುತ್ತ ಎಲ್ಲ ಜಾತಿಯವರಿಗೂ ಸೇರಿದ ಲೋಕವನ್ನು ಕಟ್ಟಿದರು. ಆ ಲೋಕದೊಳಗೆ ಬಂದವರು ತಾವೇ ಪಕ್ಕಪಕ್ಕ ಕುಳಿತರು. ಅರ್ಥವನ್ನು ಮುಚ್ಚಿಟ್ಟು ಕೇಳುಗರಿಗೆ ಕೆಲಸ ಕೊಡುವ ಈ ಶಕ್ತಿಯನ್ನು ಕನ್ನಡ ರಾಕ್ ಸ್ವಂತ ರಚನೆಗಳಲ್ಲಿ ಇನ್ನೂ ಗಳಿಸಿಲ್ಲ. ಪ್ರೇಮದ ಹಾಡುಗಳ ಮಾತು ಬೇರೆ. ರಘು ಅವರ ‘ಮೈಸೂರ್ ಸೆ ಆಯಿ’ ಕೇಳಲು ಇಂಪಾಗಿದೆ; ಅದರಿಂದ ಅಷ್ಟೇ ಬಯಸಬೇಕು.

ಇಲ್ಲಿ ಒಂದು ಆಕ್ಷೇಪ ಬರುತ್ತದೆ. ಶರೀಫರನ್ನು ನಾಡಿಗೆಲ್ಲ ಹಾಡಿ ಕೊಟ್ಟವರು ಸಿ. ಅಶ್ವತ್ಥ್, 1990ರಲ್ಲಿ ನಾಗಾಭರಣರ ‘ಸಂತ ಶಿಶುನಾಳ ಶರೀಫ’ ಸಿನಿಮಾ ಬರುವ ಹೊತ್ತಿಗೇ ಆ ಪದಗಳು ಮನೆಮಾತಾಗಿದ್ದವು, ಹಾಗಿರುವಾಗ ಗಿಟಾರಿನವರದು ಏನು ಹೆಚ್ಚುಗಾರಿಕೆ? ಋಣ ದೊಡ್ಡದು, ಒಪ್ಪಿಕೊಳ್ಳಲೇಬೇಕು. ಅಶ್ವತ್ಥರಿಲ್ಲದೆ ಬೆಂಗಳೂರು, ಮೈಸೂರಿನ ಹುಡುಗರಿಗೆ ಶರೀಫರು ದಕ್ಕುತ್ತಿರಲಿಲ್ಲ. ಆದರೆ ಅವರದು ಸುಗಮ ಸಂಗೀತ, ಗಾಯಕನೊಬ್ಬನ ಕಂಠದ ಸುತ್ತ ಕಟ್ಟಿದ ಸಂಗೀತ; ವಾದ್ಯಗಳು ಆ ಕಂಠಕ್ಕೆ ಹಾದಿ ಹಾಸುತ್ತವೆ. ರಾಕ್ ತಂಡದಲ್ಲಿ ಪಿಟೀಲು, ಗಿಟಾರು, ಡ್ರಮ್ಸ್ ಹಾಡುಗಾರನಿಗೆ ಎದುರು ಜವಾಬು ಕೊಡುತ್ತವೆ. ಮೇಳದಲ್ಲಿದ್ದು ಸುಗಮ ಸಂಗೀತದಲ್ಲಿ ಕೈತಪ್ಪಿದ ಸವಾಲ್-ಜವಾಬಿನ ಗುಣವನ್ನು ತಂಡಗಳು ತಿಳಿದೋ ತಿಳಿಯದೆಯೋ ಮರಳಿ ತಂದವು. ಇದು ಸಣ್ಣ ಕೆಲಸವಲ್ಲ.

ಇನ್ನೊಂದು ಆಕ್ಷೇಪ ಮಠಗಳ ಅಂಗಳದಿಂದ ಬರುವಂಥದ್ದು, ಮೊದಲಿನದಕ್ಕಿಂತ ಗಂಭೀರವಾದದ್ದು. ತತ್ವಪದ ಮನರಂಜನೆಗೆ ಹುಟ್ಟಿದ್ದಲ್ಲ. ಗುರು ಬೋಧಿಸಿದ ಅನುಭವವನ್ನು ಶಿಷ್ಯ ಹಾಡುತ್ತಾನೆ. ಅಮಾವಾಸ್ಯೆಯ ರಾತ್ರಿಯಿಡೀ ಕೂತು ಕೇಳಿದವರಿಗೆ ಅದು ತೆರೆದುಕೊಳ್ಳುತ್ತದೆ. ಟಿಕೆಟ್ಟು ಹರಿದು ಒಳಬಂದ ಸಾವಿರಾರು ಜನ ಕುಣಿಯುವಾಗ ಅದರ ತತ್ವ ಎಲ್ಲಿ ಉಳಿಯುತ್ತದೆ? ಇದಕ್ಕೆ ನನ್ನ ಉತ್ತರ ಅರ್ಧ ಒಪ್ಪಿಗೆಯದು. ಗುರುಸಂಬಂಧ ವೇದಿಕೆಯ ಮೇಲೆ ಕಡಿದುಹೋಗುತ್ತದೆ, ನಿಜ. ಆದರೆ ವಾದ್ಯಗಳ ಕಾರಣಕ್ಕೆ ಯಾರೂ ಬೇಸರಪಡಬೇಕಾಗಿಲ್ಲ. ಇಂದು ಯಾವ ಭಜನಾ ಮಂಡಳಿಯೂ ಬಿಟ್ಟಿರಲಾರದ ಹಾರ್ಮೋನಿಯಂ ಕೂಡ ಹತ್ತೊಂಬತ್ತನೆಯ ಶತಮಾನದಲ್ಲಿ ಯೂರೋಪಿನಿಂದ ಬಂದದ್ದು. ನಮ್ಮವರು ಅದನ್ನು ನೆಲದ ಮೇಲೆ ಕೂರಿಸಿ, ಕೈಯಿಂದ ಗಾಳಿಯೊತ್ತುವಂತೆ ಮಾಡಿ, ತಮ್ಮದಾಗಿಸಿಕೊಂಡರು. ಗಿಟಾರಿಗೂ ಆ ಹಕ್ಕಿದೆ. ಜೊತೆಗೆ, ಪದದ ಕೊನೆಗೆ ಬರುವ ಶಿಶುನಾಳಧೀಶನ ಅಂಕಿತವನ್ನು ಉಳಿಸಿಕೊಂಡು ಹಾಡಿದಷ್ಟು ಕಾಲ ಆ ಪದ ಯಾರದೆಂಬ ಅರಿವೂ ಉಳಿದಿರುತ್ತದೆ.

ಇನ್ನು ದೂರಿನ ಮಾತು. ಶರೀಫರು 1819ರಲ್ಲಿ ಹುಟ್ಟಿ 1889ರಲ್ಲಿ ತೀರಿಕೊಂಡರು. ಅವರು ಹುಟ್ಟುವ ಹೊತ್ತಿಗಾಗಲೇ ಕಲಬುರಗಿ ಸೀಮೆಯಲ್ಲಿ ಕಡಕೋಳದ ಮಡಿವಾಳಪ್ಪನವರಿದ್ದರು. ಅವರ ಶಿಷ್ಯರಲ್ಲಿ ಚೆನ್ನೂರ ಜಲಾಲಸಾಹೇಬರಿದ್ದರು, ಖೈನೂರ ಕೃಷ್ಣಪ್ಪನವರಿದ್ದರು. ಬೇರೆ ಬೇರೆ ಜಾತಿಯವರು ಒಬ್ಬನೇ ಗುರುವಿನ ಮುಂದೆ ಕುಳಿತು ಪದ ಕಟ್ಟಿದರು. ಹುಮನಾಬಾದಿನ ಬಳಿಯ ಮಾಣಿಕನಗರದಲ್ಲಿ 1865ರಲ್ಲಿ ಸಮಾಧಿಸ್ಥರಾದ ಮಾಣಿಕಪ್ರಭುಗಳು ಮರಾಠಿ, ಕನ್ನಡ, ಹಿಂದಿ-ಉರ್ದುಗಳಲ್ಲಿ ಪದ ರಚಿಸಿದರು. ಮೊಹರಂ ಬಂದಾಗ ಅಲಾವಿ ಎಂಬ ಬೆಂಕಿಕುಣಿಯ ಸುತ್ತ ರಿವಾಯತ್ ಪದಗಳನ್ನು ಹಾಡುವವರಲ್ಲಿ ಹಿಂದೂಗಳೂ ಇದ್ದಾರೆ. ಬೀದರಿನ ಪಕ್ಕದ ಅಷ್ಟೂರಿನಲ್ಲಿ ಬಹಮನಿ ಸುಲ್ತಾನ ಅಹಮದ್ ಷಾ ವಲಿಯ ಉರುಸಿಗೆ ಮಾಡ್ಯಾಳದ ಜಂಗಮರು ಬರುತ್ತಾರೆ. ಅವನನ್ನು ಅಲ್ಲಮಪ್ರಭುವೆಂದೇ ನಂಬಿ ಲಿಂಗಾಯತರು ನಡೆದುಕೊಳ್ಳುತ್ತಾರೆ. ಬಗದಲ್, ಭಾಲ್ಕಿ, ಔರಾದ್ ಕಡೆಯ ಜನರ ಕಿವಿಗೆ ಕನ್ನಡ, ದಖನಿ, ಮರಾಠಿ, ತೆಲುಗು ದಿನವೂ ಬೀಳುತ್ತವೆ. ಒಂದೇ ಹಾಡಿನಲ್ಲಿ ಎರಡು ಭಾಷೆ ಕೂಡಿದರೆ ಇಲ್ಲಿ ಯಾರಿಗೂ ಅಚ್ಚರಿಯಿಲ್ಲ. ಹಿಂದಿಯಲ್ಲಿ ಹಾಡದಿದ್ದರೆ ದೇಶಕ್ಕೆ ತಲುಪುವುದಿಲ್ಲ, ಕನ್ನಡದಲ್ಲಿ ಹಾಡದಿದ್ದರೆ ಬೇರು ಸಿಗುವುದಿಲ್ಲ ಎಂದು ತೊಳಲಾಡಿದ ತಂಡಗಳಿಗೆ ಬೇಕಾಗಿದ್ದ ದಾರಿ ಈ ಸೀಮೆಯಲ್ಲಿ ಇನ್ನೂರು ವರ್ಷಗಳಿಂದ ತೆರೆದೇ ಇತ್ತು. ಅವುಗಳ ಪ್ರಸಿದ್ಧ ಹಾಡುಗಳಲ್ಲಿ ಒಂದೂ ಈ ದಾರಿ ತುಳಿದು ಬಂದದ್ದಲ್ಲ.

ಮಡಿವಾಳಪ್ಪನವರ ಪದಗಳು ಕಠಿಣ, ಯೋಗದ ಪರಿಭಾಷೆ ತುಂಬಿದಂಥವು, ಕುಣಿಯಲು ಬಂದ ಹುಡುಗರಿಗೆ ತಿಳಿಯುವುದಿಲ್ಲ ಎನ್ನುವವರಿದ್ದಾರೆ. ‘ಗುಡುಗುಡಿ’ ಏನು ಸುಲಭವೇ? ಅದರ ಅರ್ಥ ಪೂರ್ತಿ ಬಿಡಿಸಬಲ್ಲವರು ಎಷ್ಟು ಜನ? ಆದರೂ ಕನ್ನಡ ಬಾರದವರು ಕೂಡ ಅದಕ್ಕೆ ದನಿಗೂಡಿಸುತ್ತಾರೆ. ಪದಗಳ ಪಾಠ ಎಲ್ಲಿ ಸಿಗಬೇಕು ಎಂಬ ನೆಪಕ್ಕೂ ಈಗ ಜಾಗವಿಲ್ಲ. ಕನಕದಾಸ ಅಧ್ಯಯನ ಮತ್ತು ಸಂಶೋಧನಾ ಕೇಂದ್ರ ನಾಡಿನ ತತ್ವಪದಗಳನ್ನು ಸಂಪುಟ ಸಂಪುಟವಾಗಿ ಪ್ರಕಟಿಸಿದೆ. ಕಲಬುರಗಿಯ ಮೀನಾಕ್ಷಿ ಬಾಳಿಯವರಂಥ ವಿದ್ವಾಂಸರು ಮಡಿವಾಳಪ್ಪನವರ ಪರಂಪರೆಯ ಮೇಲೆ ವರ್ಷಗಟ್ಟಲೆ ದುಡಿದಿದ್ದಾರೆ. ಹೊರಗಿನ ನಿದರ್ಶನ ಬೇಕಾದರೆ ಪಾಕಿಸ್ತಾನದ ಜುನೂನ್ ತಂಡವಿದೆ. 1999ರ ‘ಪರ್ವಾಜ್’ ಆಲ್ಬಂನಲ್ಲಿ ಅದು ಪಂಜಾಬಿ ಸೂಫಿ ಬುಲ್ಲೆ ಷಾನ ಕಾವ್ಯಕ್ಕೆ ಶರಣಾಯಿತು. ಆ ಕಾವ್ಯವೂ ಸುಲಭದ್ದಲ್ಲ, ಕೇಳಿದವರೂ ಹುಡುಗರೇ.

ಕಷ್ಟ ಬೇರೆ ಕಡೆ ಇದೆ ಎಂದು ನನ್ನ ಎಣಿಕೆ. ಶರೀಫರು ತಂಡಗಳಿಗೆ ಸಿನಿಮಾ, ಕ್ಯಾಸೆಟ್ಟುಗಳ ಮೂಲಕ ಸಿದ್ಧ ರೂಪದಲ್ಲಿ ಸಿಕ್ಕರು. ಮಡಿವಾಳಪ್ಪ, ಮಾಣಿಕಪ್ರಭು ಹಾಗೆ ಸಿಗುವವರಲ್ಲ. ಅವರು ಬೇಕಾದರೆ ಕಡಕೋಳಕ್ಕೆ ಬರಬೇಕು, ಮಾಣಿಕನಗರದ ದತ್ತ ಜಯಂತಿಯ ಸಂಗೀತ ದರ್ಬಾರಿನಲ್ಲಿ ಕೂರಬೇಕು, ದಮಡಿ ಬಡಿಯುವ ಮುದುಕರ ಪಕ್ಕದಲ್ಲಿ ರಾತ್ರಿ ಕಳೆಯಬೇಕು. ರಾಜಧಾನಿಯ ತಾಲೀಮು ಕೋಣೆಯಿಂದ ಬೀದರ್ ದೂರ. ಅದಕ್ಕಿಂತ ದೂರವಾದದ್ದು ಕಲ್ಯಾಣ ಕರ್ನಾಟಕದ ಕನ್ನಡವನ್ನು ಅರೆಕನ್ನಡವೆಂದು ನೋಡುವ ಹಳೆಯ ಅಭ್ಯಾಸ. ನಿಜಾಮರ ಕಾಲದಲ್ಲಿ ಹೊರಗೆ ಉರ್ದು ಬೋರ್ಡು ಹಾಕಿ ಒಳಗೆ ಕನ್ನಡ ಕಲಿಸಿದ ಭಾಲ್ಕಿಯ ಚನ್ನಬಸವ ಪಟ್ಟದ್ದೇವರ ನಾಡಿದು. ಇಲ್ಲಿನ ಕನ್ನಡ ಬೇರೆ ಭಾಷೆಗಳ ಜೊತೆ ಬಾಳಿಯೇ ಉಳಿದಿದೆ. ಅದರ ಹಾಡಿಗೆ ಇರುವ ಕಸುವು ಅಲ್ಲಿಂದಲೇ ಬಂದದ್ದು.

ಆದ್ದರಿಂದ ನನ್ನ ತೀರ್ಪಿಗೆ ಎರಡು ಭಾಗ. ಕನ್ನಡ ರಾಕ್ ಈವರೆಗೆ ಕೊಟ್ಟ ಅತ್ಯುತ್ತಮ ಹಾಡು ‘ಸೋರುತಿಹುದು ಮನೆಯ ಮಾಳಿಗಿ’. ಅದನ್ನು ಮೀರಿಸುವ ಹಾಡು ಹದಿನೈದು ವರ್ಷ ಕಳೆದರೂ ಆ ತಂಡದಿಂದಲೇ ಬಂದಿಲ್ಲ. ಬರಬೇಕಾದರೆ ಶರೀಫರ ಆಚೆಗೆ ಹೋಗಲೇಬೇಕು. ಹೊಸ ಆಲ್ಬಂ ಯೋಚಿಸುತ್ತಿರುವ ತಂಡಗಳಲ್ಲಿ, ಬೀದರ್-ಕಲಬುರಗಿಯ ಕಾಲೇಜುಗಳಲ್ಲಿ ಗಿಟಾರು ಹಿಡಿದಿರುವ ಹುಡುಗ ಹುಡುಗಿಯರಲ್ಲಿ ನನ್ನ ಬೇಡಿಕೆ ಇಷ್ಟೇ: ಮಡಿವಾಳಪ್ಪನವರ ಒಂದು ಪದ, ಮಾಣಿಕಪ್ರಭುಗಳ ಒಂದು ಪದ, ಒಂದು ರಿವಾಯತ್ ಎತ್ತಿಕೊಳ್ಳಿ. ಕಲಿಸಿದ ಮೇಳದವರನ್ನು ಸ್ಟುಡಿಯೋಗೆ ಕರೆದು ಜೊತೆಯಲ್ಲಿ ಹಾಡಿಸಿ, ಅವರ ಹೆಸರನ್ನು ನಿಮ್ಮ ಹೆಸರಿನ ಪಕ್ಕದಲ್ಲೇ ಅಚ್ಚು ಹಾಕಿಸಿ, ಸಲ್ಲಬೇಕಾದ ಹಣವನ್ನು ಸಲ್ಲಿಸಿ.