ಇಲ್ಲದ ಆಟದ ಇತಿಹಾಸ

ಅಮೆರಿಕದ ಒರೆಗಾನ್ ರಾಜ್ಯದ ಪೋರ್ಟ್‌ಲೆಂಡ್ ನಗರ. 1981ನೇ ಇಸವಿ. ನಾಣ್ಯ ಹಾಕಿ ವಿಡಿಯೊ ಆಟ ಆಡುವ ಅಲ್ಲಿನ ಕೆಲವು ಅಂಗಡಿಗಳಿಗೆ 'ಪಾಲಿಬಿಯಸ್' ಎಂಬ ಹೊಸ ಯಂತ್ರ ಬಂದಿತಂತೆ. ಆಡಿದ ಮಕ್ಕಳು ರಾತ್ರಿ ಕೆಟ್ಟ ಕನಸು ಕಂಡು ಕಿರುಚಿ ಏಳುತ್ತಿದ್ದರಂತೆ. ಕೆಲವರು ಆಟವಾಡುವುದನ್ನೇ ಬಿಟ್ಟರಂತೆ. ಕಪ್ಪು ಕೋಟು ತೊಟ್ಟವರು ಆಗಾಗ ಬಂದು, ಪೆಟ್ಟಿಗೆಯೊಳಗಿನ ನಾಣ್ಯಗಳನ್ನು ಮುಟ್ಟದೆ, ಯಾರು ಹೇಗೆ ಆಡಿದರು ಎಂಬ ದಾಖಲೆಯನ್ನಷ್ಟೇ ತೆಗೆದುಕೊಂಡು ಹೋಗುತ್ತಿದ್ದರಂತೆ. ಮನಸ್ಸನ್ನು ಹತೋಟಿಗೆ ತರುವ ವಿಧಾನವೊಂದನ್ನು ಗುಪ್ತಚರ ಸಂಸ್ಥೆ ಸಿಐಎ ಹೀಗೆ ಪರೀಕ್ಷಿಸುತ್ತಿತ್ತಂತೆ. ತಿಂಗಳೊಪ್ಪತ್ತಿನಲ್ಲಿ ಯಂತ್ರಗಳೆಲ್ಲ ಮಾಯವಾದವಂತೆ.

ಕನ್ನಡದಲ್ಲಿ ಈ ಕಥೆ ಹೇಳುವುದರಲ್ಲಿ ಒಂದು ಅನುಕೂಲವಿದೆ. ನಮ್ಮಲ್ಲಿ 'ಅಂತೆ' ಇದೆ. ನಾನು ಕಂಡದ್ದಲ್ಲ, ಕೇಳಿದ್ದು ಎಂಬ ಎಚ್ಚರಿಕೆಯನ್ನು ಕ್ರಿಯಾಪದದ ತುದಿಗೇ ಕಟ್ಟಿಬಿಡಬಹುದು. ಇಂಗ್ಲಿಷಿನಲ್ಲಿ ಆ ಎಚ್ಚರಿಕೆಗೆ ಬೇರೆಯೇ ಪದ ಸೇರಿಸಬೇಕು; ಒಬ್ಬರ ಬಾಯಿಂದ ಇನ್ನೊಬ್ಬರಿಗೆ ದಾಟುವಾಗ ಮೊದಲು ಉದುರಿಹೋಗುವುದು ಆ ಪದವೇ. ಪಾಲಿಬಿಯಸ್ ವಿಷಯದಲ್ಲಿ ಆದದ್ದೂ ಅದೇ. ಇಂದಿಗೂ ಆ ಹೆಸರಿನ 1981ರ ಒಂದು ಯಂತ್ರವಾಗಲಿ, ಅದರ ವಿದ್ಯುನ್ಮಂಡಲ ನಕ್ಷೆಯಾಗಲಿ, ಆ ಕಾಲದ ಜಾಹೀರಾತಾಗಲಿ ಸಿಕ್ಕಿಲ್ಲ. ಆದರೂ 2003ರ ಸೆಪ್ಟೆಂಬರ್‌ನಲ್ಲಿ 'ಗೇಮ್‌ಪ್ರೊ' ಪತ್ರಿಕೆ ಈ ಕಥೆಯನ್ನು ಅಚ್ಚು ಹಾಕಿತು. 2006ರಲ್ಲಿ 'ದ ಸಿಂಪ್ಸನ್ಸ್' ಎಂಬ ಜನಪ್ರಿಯ ಕಾರ್ಟೂನ್ ಧಾರಾವಾಹಿಯ ಒಂದು ಕಂತಿನಲ್ಲಿ ಪಾಲಿಬಿಯಸ್ ಯಂತ್ರ ಕಾಣಿಸಿಕೊಂಡಿತು.

ಹಳೆಯ ಗಣಕಗಳನ್ನೂ ಆಟಯಂತ್ರಗಳನ್ನೂ ಹುಡುಕಿ, ರಿಪೇರಿ ಮಾಡಿ, ಅವುಗಳ ತಂತ್ರಾಂಶವನ್ನು ಕಾಪಿಡುವ ಹವ್ಯಾಸಿಗಳ ದೊಡ್ಡ ಬಳಗವೇ ಪ್ರಪಂಚದಾದ್ಯಂತ ಇದೆ. ಗಣಕಗಳ ಇತಿಹಾಸದ ಬಹುಭಾಗವನ್ನು ಇಂದು ಬರೆಯುತ್ತಿರುವವರು ಇವರೇ. ಆದ್ದರಿಂದ ಇಂಥ ಕಟ್ಟುಕಥೆಗಳನ್ನು ಇವರು ಹೇಗೆ ಪರೀಕ್ಷಿಸುತ್ತಾರೆ ಎಂಬುದು ಕೇವಲ ಮನರಂಜನೆಯ ವಿಷಯವಲ್ಲ.

ಮೊದಲು ಕಥೆಯ ಮೂಲ ಪಾಠವನ್ನೇ ನೋಡೋಣ. ನಾಣ್ಯ ಹಾಕಿ ಆಡುವ ಯಂತ್ರಗಳ ಒಂದು ವಿದ್ಯುನ್ಮಾನ ಪಟ್ಟಿಯಲ್ಲಿ ಸಾವಿರಾರು ನಿಜವಾದ ಆಟಗಳ ನಡುವೆ ಬಂದ ಪುಟ್ಟ ಟಿಪ್ಪಣಿ ಅದು. ಅದರ ಬಲವಿರುವುದೇ ಈ ಸ್ಥಳದಲ್ಲಿ. ದೆವ್ವದ ಕಥೆಯನ್ನು ದೆವ್ವದ ಕಥೆಗಳ ಪುಸ್ತಕದಲ್ಲಿ ಓದಿದರೆ ನಾವು ಎಚ್ಚರವಾಗಿರುತ್ತೇವೆ. ದೂರವಾಣಿ ಡೈರೆಕ್ಟರಿಯಲ್ಲಿ ಓದಿದರೆ? ಟಿಪ್ಪಣಿಯಲ್ಲಿ ವರ್ಷವಿದೆ, ತಯಾರಕರ ಹೆಸರಿದೆ, 'ಸಿನ್ನೆಸ್‌ಲೋಷೆನ್' ಎಂದು. ಇಂದ್ರಿಯಗಳನ್ನು ಅಳಿಸುವುದು ಎಂಬರ್ಥ ಬರುವಂತೆ ಎರಡು ಜರ್ಮನ್ ಪದಗಳನ್ನು ಜೋಡಿಸಿದ ಹೆಸರಿದು. ಜರ್ಮನ್ ಭಾಷಿಕರು ಹೀಗೆ ಪದ ಕಟ್ಟುವುದಿಲ್ಲ. ನಿಘಂಟು ನೋಡಿ ಹೊಲಿದಂತಿದೆ. ನೋಡಿದವರು ಹೇಳಿದರು ಎಂಬ ಮಾತಿದೆ, ಆದರೆ ಅವರ ಹೆಸರಿಲ್ಲ. ಎಲ್ಲಿ ಪರಿಶೀಲಿಸಲು ಸಾಧ್ಯವಿಲ್ಲವೋ ಅಲ್ಲಿ ವಿವರ ತುಂಬಿದೆ, ಎಲ್ಲಿ ಸಾಧ್ಯವೋ ಅಲ್ಲಿ ಮಬ್ಬು.

ಆಟದ ಹೆಸರಿನಲ್ಲೂ ಒಂದು ಚೇಷ್ಟೆ ಇರಬಹುದು. ಪಾಲಿಬಿಯಸ್ ಕ್ರಿಸ್ತಪೂರ್ವ 2ನೇ ಶತಮಾನದ ಗ್ರೀಕ್ ಇತಿಹಾಸಕಾರ. ಹುಟ್ಟಿದ್ದು ಆರ್ಕೇಡಿಯ ಪ್ರದೇಶದ ಮೆಗಲೊಪೊಲಿಸ್ ಪಟ್ಟಣದಲ್ಲಿ. ಆಟದ ಅಂಗಡಿಗೆ ಇಂಗ್ಲಿಷಿನಲ್ಲಿ ಆರ್ಕೇಡ್ ಎನ್ನುತ್ತಾರೆ! ಕಂಡವರನ್ನು ವಿಚಾರಿಸದೆ, ಸ್ಥಳಕ್ಕೆ ಹೋಗದೆ ಗ್ರಂಥಾಲಯದಲ್ಲಿ ಕುಳಿತು ಇತಿಹಾಸ ಬರೆದರೆಂದು ಟಿಮಯಸ್ ಎಂಬ ಹಿಂದಿನ ಲೇಖಕರನ್ನು ಈ ಪಾಲಿಬಿಯಸ್ ಕಟುವಾಗಿ ಟೀಕಿಸಿದ್ದರು. ಕಥೆ ಹೆಣೆದವರಿಗೆ ಇದೆಲ್ಲ ಗೊತ್ತಿದ್ದರೆ ಅವರು ಓದುಗರಿಗೆ ಸುಳಿವನ್ನೂ ಕೊಟ್ಟಿದ್ದರು ಎಂದಾಯಿತು.

ಸುಳ್ಳಿನ ಸುತ್ತ ನಿಜದ ಚೂರುಗಳು ಸಾಕಷ್ಟಿವೆ. 1981ರಲ್ಲಿ ಪೋರ್ಟ್‌ಲೆಂಡ್‌ನ ಒಂದೇ ಅಂಗಡಿಯಲ್ಲಿ ಒಂದೇ ದಿನ ಇಬ್ಬರು ಆಟಗಾರರು ಅಸ್ವಸ್ಥರಾದದ್ದು ನಿಜ. ಒಬ್ಬರಿಗೆ 'ಟೆಂಪೆಸ್ಟ್' ಆಡಿ ಅರೆತಲೆನೋವು; ಇನ್ನೊಬ್ಬರಿಗೆ ದಾಖಲೆ ಮುರಿಯಲೆಂದು 'ಆಸ್ಟರಾಯ್ಡ್ಸ್' ಆಟವನ್ನು ಸುಮಾರು 28 ಗಂಟೆ ಆಡಿ ಹೊಟ್ಟೆನೋವು. ಇದಾದ ಕೆಲವೇ ದಿನಗಳಲ್ಲಿ ಜೂಜಿನ ಶಂಕೆಯ ಮೇಲೆ ಕೇಂದ್ರ ಸರ್ಕಾರದ ಅಧಿಕಾರಿಗಳು ಆ ಪ್ರದೇಶದ ಅಂಗಡಿಗಳ ಮೇಲೆ ದಾಳಿ ಮಾಡಿದ್ದೂ ನಿಜ. ಅಟಾರಿ ಕಂಪನಿ ತನ್ನ 'ಬ್ಯಾಟಲ್‌ಜೋನ್' ಆಟವನ್ನು ಅಮೆರಿಕದ ಸೇನೆಯ ತರಬೇತಿಗಾಗಿ ಮಾರ್ಪಡಿಸಿಕೊಟ್ಟದ್ದು ನಿಜ. ಮನಸ್ಸಿನ ಮೇಲೆ ಸಿಐಎ ನಡೆಸಿದ ಪ್ರಯೋಗಗಳು 1977ರಲ್ಲಿ ಅಮೆರಿಕದ ಸೆನೆಟ್‌ನ ವಿಚಾರಣೆಗೆ ಬಂದದ್ದೂ ನಿಜ. ಮಿನುಗುವ ಬೆಳಕು ಕೆಲವರಲ್ಲಿ ಅಪಸ್ಮಾರವನ್ನು ಪ್ರಚೋದಿಸುತ್ತದೆ ಎಂಬುದಕ್ಕೆ ವೈದ್ಯಕೀಯ ಆಧಾರವಿದೆ. 1997ರ ಡಿಸೆಂಬರ್ 16ರಂದು ಜಪಾನಿನಲ್ಲಿ 'ಪೋಕೆಮಾನ್' ಕಾರ್ಟೂನಿನ ಒಂದು ಕಂತು ನೋಡಿದ 600ಕ್ಕೂ ಹೆಚ್ಚು ಮಕ್ಕಳನ್ನು ಆಸ್ಪತ್ರೆಗೆ ಒಯ್ಯಬೇಕಾಯಿತು. ಸೆಕೆಂಡಿಗೆ ಸುಮಾರು 12 ಬಾರಿ ಕೆಂಪು–ನೀಲಿ ಬೆಳಕು ಮಿನುಗಿತ್ತು.

ಇವೆಲ್ಲ ನಿಜವಾದ ಮಾತ್ರಕ್ಕೆ ಪಾಲಿಬಿಯಸ್ ಯಂತ್ರ ಇತ್ತು ಎಂದಾಗುವುದಿಲ್ಲ. ದಾಖಲೆ ತೆಗೆದುಕೊಂಡು ಹೋಗುತ್ತಿದ್ದರು ಎಂಬ ಮಾತನ್ನೇ ತೂಗಿ ನೋಡಿ. ಟೆಂಪೆಸ್ಟ್, ಸೆಂಟಿಪೀಡ್ ಮೊದಲಾದ ಅಟಾರಿ ಯಂತ್ರಗಳಲ್ಲಿ ವಿದ್ಯುತ್ ಆರಿಸಿದ ಮೇಲೂ ಹೆಚ್ಚಿನ ಅಂಕಗಳನ್ನು ನೆನಪಿಟ್ಟುಕೊಳ್ಳಲು ಇದ್ದ ಚಿಪ್‌ನ ಸಾಮರ್ಥ್ಯ 64 ಬೈಟ್. ಕೆಲವು ಅಂಕಗಳು, ಹೆಸರಿನ ಮೊದಲಕ್ಷರಗಳು, ಅಲ್ಲಿಗೆ ಜಾಗ ಮುಗಿಯಿತು. ಮನಸ್ಸಿನ ರಹಸ್ಯಗಳನ್ನು ಅದರಲ್ಲಿ ತುಂಬುವುದು ಹೇಗೆ? ಇನ್ನು, ಯಂತ್ರದ ಬಾಗಿಲು ತೆರೆದು ಒಳಗಿನ ಎಣಿಕೆಯನ್ನು ಗುರುತು ಹಾಕಿಕೊಳ್ಳುವುದು ಯಂತ್ರಗಳನ್ನು ಬಾಡಿಗೆಗೆ ಇಟ್ಟವರ ನಿತ್ಯದ ಕೆಲಸವಾಗಿತ್ತು.

ಇಲ್ಲಿ ಅತ್ಯುತ್ತಮ ಕೆಲಸ ಮಾಡಿದವರು ಆಟದ ಕಾಲವನ್ನಲ್ಲ, ಕಥೆಯ ಕಾಲವನ್ನು ನಿರ್ಣಯಿಸಲು ಹೊರಟವರು. ಟಿಪ್ಪಣಿಯ ಮೇಲೆ 1998ರ ದಿನಾಂಕವಿದೆ. ಆದರೆ ಗಣಕದ ದಾಖಲೆಯ ಮೇಲೆ ಯಾರು ಯಾವ ದಿನಾಂಕವನ್ನಾದರೂ ಬರೆಯಬಹುದಷ್ಟೆ. 1980–90ರ ದಶಕಗಳಲ್ಲಿ ಆಟಯಂತ್ರಗಳ ಸಂಗ್ರಾಹಕರು ಪರಸ್ಪರ ನಡೆಸಿದ ಚರ್ಚೆಗಳು ಯೂಸ್‌ನೆಟ್ ಜಾಲದ ಸಂಗ್ರಹಗಳಲ್ಲಿ ಹೇರಳವಾಗಿ ಉಳಿದಿವೆ. ಯಾವ ತಿರುಪು ಎಲ್ಲಿ ಸಿಗುತ್ತದೆ ಎಂಬಷ್ಟರ ಮಟ್ಟಿಗೆ ಮಾತಾಡುತ್ತಿದ್ದ ಈ ಜನ ಇಷ್ಟೊಂದು ರೋಚಕ ಯಂತ್ರದ ಬಗ್ಗೆ ಚಕಾರವೆತ್ತಿಲ್ಲ. ಕಥೆಯ ಸ್ವತಂತ್ರ ಪುರಾವೆ 2000ದಿಂದ ಹಿಂದಕ್ಕೆ ಹೋಗುವುದಿಲ್ಲ. 1981ರ ಘಟನೆಗೆ 2000ದ ಸಾಕ್ಷಿ!

ಗೇಮ್‌ಪ್ರೊ ಪತ್ರಿಕೆ ಈ ಪ್ರಕರಣಕ್ಕೆ ಕೊಟ್ಟ ತೀರ್ಪು 'ಅನಿರ್ಣೀತ' ಎಂದಿತ್ತು. ಇದು ವಿನಯದಂತೆ ಕಾಣುತ್ತದೆ; ನನ್ನ ಅಭಿಪ್ರಾಯದಲ್ಲಿ ಇದು ಆಲಸ್ಯ. 'ಪುರಾವೆ ಇಲ್ಲದಿರುವುದೇ ಇರಲಿಲ್ಲ ಎಂಬುದಕ್ಕೆ ಪುರಾವೆಯಲ್ಲ' ಎಂಬ ಮಾತನ್ನು ನಮ್ಮ ತರಗತಿಗಳಲ್ಲೂ ಅರ್ಧ ಮಾತ್ರ ಹೇಳುತ್ತೇವೆ. ವಸ್ತು ಇದ್ದಿದ್ದರೆ ಯಾವ ಕುರುಹು ಉಳಿಯಲೇಬೇಕಿತ್ತು ಎಂಬುದನ್ನು ಮೊದಲು ಗೊತ್ತುಮಾಡಿಕೊಳ್ಳಬೇಕು. ಆ ಕುರುಹು ಇರಬೇಕಾದ ಜಾಗದಲ್ಲಿ ಹುಡುಕಿಯೂ ಸಿಗದಿದ್ದರೆ, ಸಿಗದಿರುವುದು ಪುರಾವೆಯೇ. ಆಟಯಂತ್ರವೆಂದರೆ ಆಳೆತ್ತರದ ಮರದ ಪೆಟ್ಟಿಗೆ. ಅದನ್ನು ಕಟ್ಟಬೇಕು, ಸಾಗಿಸಬೇಕು, ಮಾರಬೇಕು, ಕೆಟ್ಟರೆ ದುರಸ್ತಿ ಮಾಡಬೇಕು. ಪ್ರತಿ ಹಂತದಲ್ಲೂ ಕಾಗದ ಹುಟ್ಟುತ್ತದೆ. ಆಗ ಈ ವ್ಯಾಪಾರಕ್ಕೆಂದೇ 'ಪ್ಲೇ ಮೀಟರ್', 'ರೀಪ್ಲೇ' ಎಂಬ ಪತ್ರಿಕೆಗಳಿದ್ದವು.

ನಿಜವಾಗಿ ಅಪರೂಪವಾದ ಆಟ ಹೇಗಿರುತ್ತದೆ ಎಂಬುದಕ್ಕೆ ಅಟಾರಿಯ 'ಅಕ್ಕಾ ಆರ್' ಒಳ್ಳೆಯ ಉದಾಹರಣೆ. 1982ರಲ್ಲಿ ತಯಾರಾದ ಇದು ಮಾರುಕಟ್ಟೆಗೆ ಬರಲೇ ಇಲ್ಲ. ಉಳಿದಿರುವುದಾಗಿ ತಿಳಿದ ಯಂತ್ರಗಳು ಮೂರೇ ಮೂರು, ಅವೂ ಖಾಸಗಿ ಸಂಗ್ರಾಹಕರ ಬಳಿ. ಇಷ್ಟಾದರೂ ಅದರ ವಿನ್ಯಾಸಕರು ಯಾರೆಂದು ಗೊತ್ತಿತ್ತು, ಪೆಟ್ಟಿಗೆಯ ಚಿತ್ರಗಳಿದ್ದವು. 2019ರಲ್ಲಿ ಅದರ ಸ್ಮೃತಿ ಚಿಪ್‌ಗಳ ಪ್ರತಿಯೂ ಹೊರಬಂದು ಯಾರು ಬೇಕಾದರೂ ಆಡುವಂತಾಯಿತು. ಮೂರು ಯಂತ್ರಗಳ ಆಟವೇ ಇಷ್ಟು ಹೆಜ್ಜೆಗುರುತು ಬಿಟ್ಟಿರುವಾಗ, ನಗರದ ಮಕ್ಕಳನ್ನೆಲ್ಲ ಮರುಳು ಮಾಡಿದ ಆಟ ಒಂದನ್ನೂ ಬಿಡಲಿಲ್ಲವೆಂದರೆ?

ಹಾಗೆಂದು ಎಲ್ಲ ವದಂತಿಗಳೂ ಸುಳ್ಳೆಂದು ನಕ್ಕುಬಿಡುವುದೂ ವಿಜ್ಞಾನವಲ್ಲ. ಮಾರಾಟವಾಗದೆ ಉಳಿದ 'ಇ.ಟಿ.' ಆಟದ ಲಕ್ಷಾಂತರ ಕಾರ್ಟ್ರಿಜ್‌ಗಳನ್ನು ಅಟಾರಿ ನ್ಯೂ ಮೆಕ್ಸಿಕೊದ ಮರುಭೂಮಿಯಲ್ಲಿ ಹೂತುಹಾಕಿದೆ ಎಂಬ ಸುದ್ದಿ ಬಹುಕಾಲ ಹರಿದಾಡುತ್ತಿತ್ತು. ಇದನ್ನು ದಂತಕಥೆ ಎಂದು ತಳ್ಳಿಹಾಕಿದವರೂ ಇದ್ದರು. ಆದರೆ ಈ ಕಥೆಗೆ 1983ರ ಸೆಪ್ಟೆಂಬರ್ ತಿಂಗಳ ಪತ್ರಿಕಾ ವರದಿಗಳಿದ್ದವು, ಅಲಮೊಗಾರ್ಡೊ ಪಟ್ಟಣದ ಕಸದ ಗುಂಡಿ ಎಂಬ ಖಚಿತ ಸ್ಥಳವಿತ್ತು. 2014ರ ಏಪ್ರಿಲ್ 26ರಂದು ಸಾರ್ವಜನಿಕರ ಎದುರೇ ಅಗೆದಾಗ ಕಾರ್ಟ್ರಿಜ್‌ಗಳು ಸಿಕ್ಕವು. ಕಥೆಯ ಉತ್ಪ್ರೇಕ್ಷೆಯೂ ಬಯಲಾಯಿತು. ಗುಂಡಿಯಲ್ಲಿದ್ದದ್ದು ಇ.ಟಿ. ಒಂದೇ ಅಲ್ಲ, ಸೆಂಟಿಪೀಡ್‌ನಂಥ ಯಶಸ್ವಿ ಆಟಗಳೂ ಇದ್ದವು. ಹೂತದ್ದು ಒಟ್ಟು 7,28,000 ಎಂದು ಆ ಕೆಲಸದ ಹೊಣೆ ಹೊತ್ತಿದ್ದ ಅಟಾರಿಯ ಹಿಂದಿನ ಅಧಿಕಾರಿ ತಿಳಿಸಿದರು. ಮೇಲೆತ್ತಿದ್ದು ಸುಮಾರು 1,300.

ಕಟ್ಟುಕಥೆಗಳನ್ನು ಬಯಲು ಮಾಡುವವರ ಬಗ್ಗೆಯೂ ಒಂದು ಆಕ್ಷೇಪವಿದೆ. ಪೋರ್ಟ್‌ಲೆಂಡ್‌ನ ಇಬ್ಬರ ಕಾಯಿಲೆ ಮತ್ತು ಅಧಿಕಾರಿಗಳ ದಾಳಿ ಪತ್ತೆಯಾದ ಮೇಲೆ, 'ಇವೇ ಸೇರಿ ಬಾಯಿಂದ ಬಾಯಿಗೆ ಬೆಳೆದು ಪಾಲಿಬಿಯಸ್ ಆಯಿತು' ಎಂಬ ವಿವರಣೆ ಪ್ರಚಾರಕ್ಕೆ ಬಂತು. ಕೇಳಲು ಸೊಗಸಾಗಿದೆ, ಸಂಭವನೀಯವೂ ಹೌದು. ಆದರೆ 1981ಕ್ಕೂ 2000ಕ್ಕೂ ನಡುವೆ ಈ ಮಾತು ಒಬ್ಬರಿಂದ ಒಬ್ಬರಿಗೆ ದಾಟಿತೆಂದು ತೋರಿಸುವ ಕೊಂಡಿ ಎಲ್ಲಿದೆ? ಟಿಪ್ಪಣಿ ಬರೆದವರು ಆ ಸುದ್ದಿಗಳನ್ನು ಕೇಳಿಯೇ ಇರದಿದ್ದರೂ ಅದನ್ನು ಬರೆಯಬಹುದಿತ್ತು. ಪಟ್ಟಿಗೆ ಓದುಗರನ್ನು ಸೆಳೆಯಲು ಯಾರೋ ಕೂತು ಹೊಸೆದದ್ದು ಎಂಬ ಸಪ್ಪೆ ವಿವರಣೆ ಇದಕ್ಕಿಂತ ಕಡಿಮೆ ಊಹೆಗಳನ್ನು ಬೇಡುತ್ತದೆ. ಕಟ್ಟುಕಥೆಯಿಂದ ನಾವು ಕೇಳುವ ಪುರಾವೆಯನ್ನು ಅದರ ಖಂಡನೆಯಿಂದಲೂ ಕೇಳಬೇಡವೆ? ಈ ಬಗ್ಗೆ ಬರೆದ ಹಲವರು ಕೇಳಿಲ್ಲ.

ಕಥೆಯ ಜಾಗದಲ್ಲಿ ವಸ್ತುವೇ ಬಂದು ನಿಂತರೆ ತೊಂದರೆ ಇನ್ನೂ ಹೆಚ್ಚು. 2007ರಲ್ಲಿ ಅಭಿಮಾನಿಗಳು 'ಪಾಲಿಬಿಯಸ್ ಇದ್ದಿದ್ದರೆ ಹೀಗಿರುತ್ತಿತ್ತು' ಎಂದು ಒಂದು ಆಟವನ್ನೇ ರಚಿಸಿದರು. ಅವರು ಅದನ್ನು ಮೂಲವೆಂದು ಹೇಳಲಿಲ್ಲ. ಆದರೆ ಅದರ ಚಿತ್ರವೊಂದು ಈ ವಿವರಣೆಯಿಂದ ಬೇರ್ಪಟ್ಟು ತಿರುಗತೊಡಗಿದರೆ ನೋಡುವವರಿಗೆ ಗೊತ್ತಾಗುವುದು ಹೇಗೆ? ಹಳೆಯ ಚಿಪ್‌ನ ತಂತ್ರಾಂಶವನ್ನು ಪ್ರತಿ ಮಾಡಿದಾಗ ಸಂರಕ್ಷಕರು ಅದರಿಂದ ಒಂದು ಗಣಿತೀಯ ಮುದ್ರೆಯನ್ನು ಲೆಕ್ಕ ಹಾಕುತ್ತಾರೆ. ಸಿಆರ್‌ಸಿ, ಎಸ್‌ಎಚ್‌ಎ–1 ಎಂಬಿವು ಅಂಥ ವಿಧಾನಗಳು. ಒಂದು ಬಿಟ್ ಬದಲಾದರೂ ಮುದ್ರೆ ಬದಲಾಗುತ್ತದೆ. ಹವ್ಯಾಸಿಗಳು ಇದನ್ನು ಅಸಲಿತನದ ಪ್ರಮಾಣಪತ್ರವೆಂದೇ ಭಾವಿಸುವುದುಂಟು. ಅದು ಹೇಳುವುದು ಇಷ್ಟೇ: ಈ ಪ್ರತಿಯೂ ಆ ಪ್ರತಿಯೂ ಒಂದೇ. ಯಾವಾಗ ಹುಟ್ಟಿತೆಂದು ಹೇಳದು. ನಿನ್ನೆ ಬರೆದ ಸುಳ್ಳು ಆಟಕ್ಕೂ ನಿಷ್ಕಳಂಕ ಮುದ್ರೆ ಸಿಗುತ್ತದೆ.

ಚಿಪ್‌ನ ಮೇಲಿನ ಅಂಕಿಗಳಾದರೂ? '8132' ಎಂದಿದ್ದರೆ ಸಾಮಾನ್ಯವಾಗಿ ಅದು 1981ರ 32ನೇ ವಾರ ತಯಾರಾದದ್ದು ಎಂದು ಅರ್ಥ. ಆದರೆ ಅಂದಿನ ಅನೇಕ ಸ್ಮೃತಿ ಚಿಪ್‌ಗಳ ಬೆನ್ನಿನಲ್ಲಿ ಪುಟ್ಟ ಸ್ಫಟಿಕದ ಕಿಟಕಿ ಇರುತ್ತದೆ. ಅದರ ಮೂಲಕ ಅತಿನೇರಳೆ ಕಿರಣ ಹಾಯಿಸಿದರೆ ಒಳಗಿನದೆಲ್ಲ ಅಳಿಸಿ, ಹೊಸದನ್ನು ಬರೆಯಬಹುದು. ಮಡಕೆ 1981ರದು, ಅಂಬಲಿ ಇಂದಿನದು! ಹಾಗಾಗಿ ವಸ್ತು ಯಾರ ಕೈಯಿಂದ ಯಾರ ಕೈಗೆ ಬಂತು ಎಂಬ ಪರಂಪರೆ ಮತ್ತು ಅದಕ್ಕೆ ಸಂಬಂಧವಿಲ್ಲದ ಬೇರೆ ದಾಖಲೆಗಳು, ಇವೆರಡೂ ಬೇಕು.

ಇದರಲ್ಲಿ ಹಣವೂ ಸೇರಿದೆ. 'ಅಕಲಬೆತ್' ಎಂಬುದು ಆಪಲ್ 2 ಗಣಕಕ್ಕಾಗಿ ಬಂದ ಆಟ. ಮೊದಲ ಪ್ರತಿಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಮಾರಿದ್ದರು. ಇಂಥ ಪ್ರತಿಗಳಿಗೆ ಈಗ ಭಾರಿ ಬೆಲೆ. 2022ರಲ್ಲಿ ಸಂಗ್ರಾಹಕರ ಒಂದು ಬಳಗ, ತಮ್ಮ ನಡುವೆ ವರ್ಷಗಳಿಂದ ಕೈಬದಲಾಗಿದ್ದ ಹಲವು ಹಳೆಯ ಆಟಗಳು ನಕಲಿ ಎಂದು ಸಾರ್ವಜನಿಕವಾಗಿ ಆರೋಪಿಸಿತು. ಅವರು ಮುಂದಿಟ್ಟ ಕಾರಣಗಳು ಸರಳ ಭೌತಿಕ ಸಂಗತಿಗಳು: ಲೇಬಲ್‌ಗಳ ಮೇಲಿನ ಮುದ್ರಣ ಇತ್ತೀಚಿನ ಪ್ರಿಂಟರಿನದು, ಅಂಚನ್ನು ಕೈಯಿಂದ ಕತ್ತರಿಸಿದಂತಿದೆ, ಕೆಲವು ಫ್ಲಾಪಿಗಳಲ್ಲಿ ಆಟವೇ ಇಲ್ಲ. ಭೂತಗನ್ನಡಿ ಹಿಡಿದರೆ ಕಾಣುವಂಥವೇ ಹೆಚ್ಚು. ಮಾರಿದವರ ಮೇಲಿದ್ದ ನಂಬಿಕೆಯಿಂದ ಅಷ್ಟು ದಿನ ಯಾರೂ ಹಿಡಿಯಲಿಲ್ಲ.

ಈ ಕ್ಷೇತ್ರಕ್ಕೆ ಇಂಥ ಕಥೆಗಳು ಅಂಟಿಕೊಳ್ಳಲು ಕಾರಣ ಇಲ್ಲಿ ನಷ್ಟ ನಿಜವಾಗಿಯೂ ದೊಡ್ಡದು. ಫ್ಲಾಪಿಯ ಕಾಂತೀಯ ಲೇಪನ ಸವೆಯುತ್ತದೆ, ಕಂಪನಿಗಳು ಮುಚ್ಚುತ್ತವೆ, ಮೂಲ ಬರಹ ಗುಜರಿಗೆ ಹೋಗುತ್ತದೆ. ಅಮೆರಿಕದಲ್ಲಿ 2010ಕ್ಕಿಂತ ಮೊದಲು ಬಂದ ವಿಡಿಯೊ ಆಟಗಳಲ್ಲಿ 87 ಶೇಕಡ ಈಗ ಮಾರಾಟಕ್ಕೆ ಸಿಗುವುದಿಲ್ಲವೆಂದು ಅಲ್ಲಿನ ವಿಡಿಯೊ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ಪ್ರಕಟಿಸಿದ ಅಧ್ಯಯನ ತೋರಿಸಿತು. ಹುಡುಕಬೇಕಾದದ್ದು ಇಷ್ಟಿರುವಾಗ, ಇಲ್ಲದ ಆಟಕ್ಕಾಗಿ ಎರಡು ದಶಕ ಸುರಿದ ಶ್ರಮ ಸಣ್ಣದೇನಲ್ಲ.

ಬ್ರಿಟನ್ನಿನ ಆಟ ರಚನಕಾರ ಜೆಫ್ ಮಿಂಟರ್ 2017ರಲ್ಲಿ 'ಪಾಲಿಬಿಯಸ್' ಎಂಬ ಹೊಸ ಆಟವನ್ನು ಹೊರತಂದರು. 2023ರಲ್ಲಿ ಅವರೇ 'ಅಕ್ಕಾ ಆರ್' ಆಟವನ್ನೂ ಹೊಸದಾಗಿ ರೂಪಿಸಿದರು. ಎರಡನೆಯದಕ್ಕೆ ಹೋಲಿಸಿ ನೋಡಲು 1982ರ ಯಂತ್ರವಿದೆ, ಮೊದಲನೆಯದಕ್ಕೆ ಒಂದು ಟಿಪ್ಪಣಿ ಮಾತ್ರ.