‘ಸಲಾಂ ಬಾಂಬೆ’: ವಿಳಾಸವಿಲ್ಲದ ಹುಡುಗ

ಮೀರಾ ನಾಯರ್ ಅವರ ‘ಸಲಾಂ ಬಾಂಬೆ’ (1988) ಚಿತ್ರದ ಜೀವವೆಲ್ಲ ಒಂದು ಕಾಗದದಲ್ಲಿದೆ. ಮುಂಬಯಿಯ ಬೀದಿಯಲ್ಲಿ ಚಹಾ ಹಂಚುವ ಬಾಲಕ ಕೃಷ್ಣ, ದುಡ್ಡು ಕೊಟ್ಟು ತಾಯಿಗೆ ಕಾಗದ ಬರೆಸುತ್ತಾನೆ. ಸರಿಯಾದ ವಿಳಾಸ ಹೇಳಲಾರ. ಅವನು ಅತ್ತ ಹೋದೊಡನೆ ಬರೆದವನು ಅದನ್ನು ಎಸೆದುಬಿಡುತ್ತಾನೆ. ಅರ್ಜಿಗಳ ನಡುವೆಯೇ ದಿನ ಕಳೆಯುವ ನಮ್ಮಂಥ ಗುಮಾಸ್ತರಿಗೆ ಈ ದೃಶ್ಯ ಚುಚ್ಚದೆ ಇರದು.

ಆದರೆ ಪೊಲೀಸರು, ಬಾಲಮಂದಿರ, ಮಾದಕ ವಸ್ತು ಎಲ್ಲವನ್ನೂ ದಿಟ್ಟವಾಗಿ ತೋರಿಸುವ ಚಿತ್ರ, ಈ ಹುಡುಗ ಶಾಲೆಯಲ್ಲಿ ಏಕಿಲ್ಲ ಎಂದು ಕೇಳುವುದಿಲ್ಲ. ಅವನ ಪಾಡು ಹಣೆಬರಹವೆಂಬಂತೆ ಕಾಣುತ್ತದೆ. ನಮಗೆ ಒಪ್ಪಿಗೆಯಾಗದ್ದು ಇದೊಂದೇ. ಆ ವರ್ಷವೇ ಚಿತ್ರತಂಡದ ಪ್ರಯತ್ನದಿಂದ ಹುಟ್ಟಿದ ಸಲಾಂ ಬಾಲಕ್ ಟ್ರಸ್ಟ್, ಬೀದಿ ಮಕ್ಕಳ ಓದಿಗೂ ಕೈಹಾಕಿ ಈ ಕೊರತೆ ತುಂಬಿತು.

2010ರಲ್ಲಿ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯಿದೆಯ ಪ್ರಕಾರ, ವಯಸ್ಸಿನ ದಾಖಲೆ ಇಲ್ಲವೆಂದು ಶಾಲೆ ಯಾವ ಮಗುವನ್ನೂ ತಿರುಗಿಸಿ ಕಳಿಸುವಂತಿಲ್ಲ. 6ರಿಂದ 14 ವರ್ಷದವರನ್ನು ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಿಕೊಳ್ಳಬೇಕು. ಅದನ್ನು ಶಾಲೆಯ ಬಾಗಿಲಲ್ಲಿ ಹೇಳಲು ಮನೆಯಿಲ್ಲದ ಮಗುವಿನ ಜೊತೆ ಹಿರಿಯರೊಬ್ಬರು ಬೇಕು.

ಕೃಷ್ಣನಾಗಿ ನಟಿಸಿದ ಶಫೀಕ್ ಸೈಯದ್ ಬೆಂಗಳೂರಿನಿಂದ ಓಡಿಬಂದಿದ್ದ ಹುಡುಗ. ರಾಷ್ಟ್ರಪ್ರಶಸ್ತಿ ಪಡೆದರೂ ಮುಂದೆ ಅಲ್ಲಿಯೇ ಆಟೋ ಓಡಿಸಿದರು. ಚಿತ್ರವನ್ನು ಮೆಚ್ಚುವ ನಾವು, ನಮ್ಮ ಬೀದಿಯ ಒಂದು ಮಗುವಿನ ಜೊತೆಗಾದರೂ ಶಾಲೆಯವರೆಗೆ ನಡೆಯೋಣ.