ಶರೀಫಜ್ಜನ ಪದಗಳಾಚೆಗೆ ಕನ್ನಡ ರಾಕ್

ಬೆಂಗಳೂರಿನ ಕ್ರಿಪ್ಟೋಸ್ ತಂಡ ಹುಟ್ಟಿದ್ದು 1998ರಲ್ಲಿ. ಹೆವಿ ಮೆಟಲ್ ನುಡಿಸುವವರಿಗೆ ನಮ್ಮಲ್ಲಿ ರೇಡಿಯೊದ ಆಸರೆಯಿಲ್ಲ, ಸಿನಿಮಾದ ಆಸರೆಯೂ ಇಲ್ಲ. ಆದರೂ ಇವರು ಕಾಲು ಶತಮಾನ ಪಟ್ಟುಬಿಡದೆ ನುಡಿಸಿದರು. 2013ರಲ್ಲಿ ಜರ್ಮನಿಯ ವಾಕನ್ ಉತ್ಸವದ ವೇದಿಕೆ ಹತ್ತಿದರು. 2024ರಲ್ಲಿ ‘ಡೆಸಿಮೇಟರ್’ ಆಲ್ಬಂ ತಂದರು. ನೋಲನ್ ಲೂಯಿಸ್ ಅವರ ಗೊಗ್ಗರು ಕಂಠ, ಒಂದರ ಬೆನ್ನು ಹತ್ತಿ ಇನ್ನೊಂದು ಓಡುವ ಜೋಡಿ ಗಿಟಾರು: ಎಲ್ಲವೂ 80ರ ದಶಕದ ಬ್ರಿಟಿಷ್ ಮೆಟಲ್‌ಗೆ ನಿಷ್ಠ. ಕಸುಬಿನಲ್ಲಿ ಕೊರತೆ ಕಾಣದು. ಹಾಡುಗಳೆಲ್ಲ ಇಂಗ್ಲಿಷಿನವು, ಅದು ಅವರ ಆಯ್ಕೆ. ಆದರೆ ಆ ನಾದದ ತೂಕ ಕನ್ನಡದ ಮಾತಿಗೆ ಇನ್ನೂ ಯಾಕೆ ದಕ್ಕಿಲ್ಲ ಎಂಬ ಪ್ರಶ್ನೆ ನನ್ನನ್ನು ಬಿಡುತ್ತಿಲ್ಲ.

ಕನ್ನಡ ರಾಕ್ ಎಂದ ಕೂಡಲೇ ನೆನಪಾಗುವುದು ರಘು ದೀಕ್ಷಿತ್. 2008ರ ಮೊದಲ ಆಲ್ಬಮ್ಮಿನಲ್ಲಿ ‘ಗುಡುಗುಡಿಯ ಸೇದಿ ನೋಡೋ’, ‘ಸೋರುತಿಹುದು ಮನೆಯ ಮಾಳಿಗಿ’. 2013ರ ‘ಜಗ್ ಚಂಗಾ’ದಲ್ಲಿ ‘ಕೋಡಗನ ಕೋಳಿ ನುಂಗಿತ್ತ’, ‘ಲೋಕದ ಕಾಳಜಿ’. ನಾಲ್ಕೂ ತತ್ವಪದಕಾರ ಶಿಶುನಾಳ ಶರೀಫರವು. ಸ್ವರಾತ್ಮ ತಂಡದ ‘ಈ ಭೂಮಿ’ಯಂಥ ಹಾಡುಗಳು ಬಂದಿವೆ, ಆದರೆ ಜನರ ನಾಲಗೆಯ ಮೇಲೆ ನಿಂತದ್ದು ಶರೀಫಜ್ಜನೇ. ಇದಕ್ಕೂ ಮುಂಚೆ ಈ ಪದಗಳನ್ನು ಮಠ-ಗುಡಿಗಳಿಂದ ಪಟ್ಟಣದ ಮನೆಗಳಿಗೆ ತಂದವರು ಗಾಯಕ ಸಿ. ಅಶ್ವತ್ಥ್; ಅವರ ಸಂಗೀತವಿದ್ದ, ನಾಗಾಭರಣರ ‘ಸಂತ ಶಿಶುನಾಳ ಶರೀಫ’ ಚಿತ್ರ ಬಂದದ್ದು 1990ರಲ್ಲಿ. 2005ರಲ್ಲಿ ಅಶ್ವತ್ಥ್ ‘ಕನ್ನಡವೇ ಸತ್ಯ’ ಎಂದು ಹಾಡಿದ ಬೆಂಗಳೂರಿನ ಅರಮನೆ ಮೈದಾನದಲ್ಲೇ 2007ರಲ್ಲಿ ಐರನ್ ಮೇಡನ್, 2011ರಲ್ಲಿ ಮೆಟಾಲಿಕಾ ನುಡಿಸಿದವು. ಮೈದಾನ ಒಂದೇ ಆಯಿತು, ಸಂಗೀತ ಒಂದಾಗಲಿಲ್ಲ.

ರಘು ದೀಕ್ಷಿತ್ ಮಾಡಿದ್ದು ಸಣ್ಣ ಕೆಲಸವಲ್ಲ. 2010ರಲ್ಲಿ ಬಿಬಿಸಿಯ ಜೂಲ್ಸ್ ಹಾಲೆಂಡ್ ಕಾರ್ಯಕ್ರಮದ ತನಕ ಹೋಗಿ ಬಂದ ಧೈರ್ಯ ಅದು. ಅವರ ‘ಗುಡುಗುಡಿ’ ಕುಣಿಸುತ್ತದೆ, ಕುಣಿಯಬೇಕಾದದ್ದೇ. ಆದರೆ ಸೋರುವ ಮಾಳಿಗೆ ಎಂದರೆ ಕುಸಿಯುತ್ತಿರುವ ಈ ದೇಹ. ಆ ಪದಕ್ಕೆ ಬೇಕಾದ ಭಯ ರಾಕ್ ತಂಡದ ಕೈಯಲ್ಲಿ ಮೃದುವಾಗಿಬಿಟ್ಟಿದೆ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಕಲಘಟಗಿ ತಾಲ್ಲೂಕಿನ ದೇವಿಕೊಪ್ಪದಂಥ ಊರಲ್ಲಿ ಭಜನಾ ಮೇಳ ಕೇಳಿ ಬೆಳೆದವರಿಗೆ ಈ ಕೊರತೆ ಬೇಗ ಗೊತ್ತಾಗುತ್ತದೆ. ಏಕತಾರಿ, ದಮ್ಮಡಿ, ತಾಳ, ಪೇಟಿ. ಒಬ್ಬರು ನುಡಿ ಎತ್ತುತ್ತಾರೆ, ಮೇಳ ಅದನ್ನು ಹಿಡಿದು ತಿರುತಿರುಗಿ ಹಾಡುತ್ತದೆ. ಪಲ್ಲವಿಗೆ ಮರಳಿದ ಹಾಗೆಲ್ಲ ಲಯ ಏರುತ್ತದೆ, ಕೊನೆಗೆ ಅರ್ಥ ಮೈಗೆ ತಾಗುತ್ತದೆ. ಒಂದು ಸಣ್ಣ ಸ್ವರಗುಚ್ಛವನ್ನು ಕೆಳಗಿನ ತಂತಿಗಳ ಮೇಲೆ ಮತ್ತೆ ಮತ್ತೆ ಬಡಿದು ಭಾರ ಏರಿಸುವ ಮೆಟಲ್‌ನ ರಿಫ್ ಮಾಡುವುದೂ ಇದನ್ನೇ. ಇನ್ನು ಸದ್ದು ಬೇಕೆಂದರೆ ಹುಬ್ಬಳ್ಳಿ ಸೀಮೆಯ ಜಗ್ಗಲಿಗೆ ಇದೆ: ಗಾಡಿ ಗಾಲಿಯ ಹಳಿಗೆ ಎಮ್ಮೆ ಚರ್ಮ ಬಿಗಿದು, ಉರುಳಿಸುತ್ತ ಬಾರಿಸುವ ವಾದ್ಯ. ಹತ್ತಾರು ಜಗ್ಗಲಿಗೆ ಒಟ್ಟಿಗೆ ಬಂದರೆ ಎದೆಗೂಡು ಅದುರುತ್ತದೆ. ನಮ್ಮ ರಾಕ್ ತಂಡಗಳು ಶರೀಫರಿಂದ ಸಾಹಿತ್ಯ ತೆಗೆದುಕೊಂಡವು, ಆ ಸಾಹಿತ್ಯ ನಿಂತಿದ್ದ ಈ ಹಾಡಿಕೆಯ ಕಟ್ಟನ್ನು ಬಿಟ್ಟುಬಂದವು.

ಇನ್ನೊಂದು ಕೊರತೆ ಇದಕ್ಕಿಂತ ದೊಡ್ಡದು. ಶರೀಫರು ತೀರಿಕೊಂಡದ್ದು 1889ರಲ್ಲಿ. ಕುಂದಗೋಳ ತಾಲ್ಲೂಕಿನ ಕಳಸದ ಗೋವಿಂದಭಟ್ಟರನ್ನು ಗುರುವಾಗಿ ಪಡೆದ ಆ ಮುಸಲ್ಮಾನ ಕವಿ, ಕಣ್ಣಿಗೆ ಬಿದ್ದ ಗಿರಣಿ, ಗುಡುಗುಡಿ, ಕೋಳಿ ಎಲ್ಲವನ್ನೂ ತನ್ನ ಕಾಲದ ಪದವಾಗಿಸಿದರು. ಅವರನ್ನು ಹಾಡುವವರು ಆ ಧೈರ್ಯವನ್ನೂ ಕಲಿತು ತಮ್ಮ ಕಾಲವನ್ನು ಹಾಡಬೇಕಿತ್ತು. ಹಾಡಲು ವಿಷಯ ಇಲ್ಲೇ ಇತ್ತು. ಮಲಪ್ರಭಾ ಅಚ್ಚುಕಟ್ಟಿನ ಕರದ ವಿರುದ್ಧ ಎದ್ದ ರೈತರ ಮೇಲೆ ನವಲಗುಂದದಲ್ಲಿ ಗುಂಡು ಹಾರಿದ್ದು 1980ರ ಜುಲೈ 21ರಂದು. 2015ರಿಂದ ಮಹದಾಯಿ ನೀರಿಗಾಗಿ ಅದೇ ಸೀಮೆಯ ರೈತರು ಧರಣಿ ಕೂತರು. ಸಿಟ್ಟೇ ಜೀವಾಳವಾದ ಸಂಗೀತಕ್ಕೆ ಇದಕ್ಕಿಂತ ಹೆಚ್ಚಿನ ಸಾಮಗ್ರಿ ಬೇಕೆ? ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನ ಕಾರ್ಖಾನೆ ಓಣಿಗಳ ಹುಡುಗರು ಬ್ಲ್ಯಾಕ್ ಸಬ್ಬತ್ ಮೆಟಲ್ ತಂಡ ಕಟ್ಟಿದಾಗ ತಮ್ಮ ಊರಿನ ಕಬ್ಬಿಣದ ಸದ್ದನ್ನೇ ಗಿಟಾರಿಗೆ ತಂದರು.

ಹಾಗಾಗಿ ಮುಂದಿನ ಕನ್ನಡ ರಾಕ್ ಆಲ್ಬಮ್ಮಿನಲ್ಲಿ ಶರೀಫಜ್ಜನ ಇನ್ನೊಂದು ಪದ ಇದ್ದರೆ ನಾನು ಸಂತೋಷದಿಂದಲೇ ಕೇಳುತ್ತೇನೆ. ಅದರ ಪಕ್ಕದಲ್ಲಿ ನವಲಗುಂದದ ಕಥೆಯನ್ನು ಇಂದಿನ ಧಾರವಾಡದ ಮಾತಿನಲ್ಲಿ ಬರೆದ ಒಂದು ಹಾಡು ಇರಲಿ, ಅದಕ್ಕೆ ಕ್ರಿಪ್ಟೋಸ್‌ನಂಥ ಗಿಟಾರುಗಳ ಜೊತೆ ಜಗ್ಗಲಿಗೆಯನ್ನು ಕಲಿತವರೇ ಬಾರಿಸಲಿ.